ಬ್ಯಾಟರಿ ಅನ್ನೋ ಪದ ಕೊನೆಗೆ ಬರಬೇಕು

ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡಲು ಮೊದಲ ಸಲ ಸ್ಟೇಜ್ ಹತ್ತಿದಾಗ ಮೈಕನ್ನು ಸ್ಟ್ಯಾಂಡಿನಿಂದ ತೆಗೆದೆ, ಸ್ಟ್ಯಾಂಡನ್ನು ಅಲ್ಲೇ ಬಿಟ್ಟೆ. ಐದು ನಿಮಿಷವೂ ಆ ಕಬ್ಬಿಣದ ಕೋಲು ನನ್ನ ಮತ್ತು ಜನರ ಮಧ್ಯೆ ನಿಂತಿತ್ತು. ನಾನು ಅದರ ಹಿಂದೆ ಅವಿತುಕೊಂಡ ಹಾಗೆ ಕಾಣುತ್ತಿತ್ತಂತೆ. ಇಳಿದು ಬಂದ ಮೇಲೆ ಹಳೆಯ ಕಾಮಿಡಿಯನ್ ಒಬ್ಬರು ಕರೆದು, "ಜೋಕ್ ಆಮೇಲೆ ಕಲಿಯಪ್ಪ. ಮೊದಲು ಸ್ಟ್ಯಾಂಡ್ ಎತ್ತಿ ಹಿಂದೆ ಇಡೋದು ಕಲಿ" ಅಂದರು.

ಅವತ್ತಿನ ಮೊದಲ ಜೋಕಿಗೆ ಯಾರೂ ನಗಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಮನೆಗೆ ಬಂದು ಕೇಳಿ, ಎಣಿಸಿ ನೋಡಿದೆ. ಸರಿಯಾಗಿ 7 ಸೆಕೆಂಡ್ ಮೌನ. ಕೂತು ನೋಡುವವರಿಗೆ 7 ಸೆಕೆಂಡ್ ಅಂದರೆ ಒಂದು ಆಕಳಿಕೆ. ಮೇಲೆ ನಿಂತವನಿಗೆ ಹುಟ್ಟಿದಾಗಿನಿಂದ ಮಾಡಿದ ತಪ್ಪೆಲ್ಲ ಒಂದೊಂದಾಗಿ ನೆನಪಾಗುವಷ್ಟು ಸಮಯ. ನಾವು ಕಾಮಿಡಿಯನ್‌ಗಳು ಇದಕ್ಕೆ 'ಬಾಂಬ್ ಆಗೋದು' ಅನ್ನುತ್ತೇವೆ. ಆ ಹೆಸರು ಯಾಕೆ ಬಂತೋ. ಬಾಂಬ್ ಆದರೆ ಕೊನೇಪಕ್ಷ ಸದ್ದಾದರೂ ಆಗುತ್ತದೆ.

ಈ ಕೆಲಸದ ಕಷ್ಟ ಏನು ಗೊತ್ತಾ? ಪಿಟೀಲು ಕಲಿಯುವವರು ಬಾಗಿಲು ಹಾಕಿಕೊಂಡು ಕಲಿಯಬಹುದು. ಅಪಸ್ವರ ಗೋಡೆಗಳಿಗೆ ಮಾತ್ರ ಕೇಳುತ್ತದೆ. ಜೋಕಿಗೆ ಆ ಭಾಗ್ಯ ಇಲ್ಲ. ಕನ್ನಡಿಯ ಮುಂದೆ ಹೇಳಿದರೆ ಕನ್ನಡಿ ನಗುವುದಿಲ್ಲ. ನಕ್ಕರೂ ಅದು ನೀವೇ. ಹಾಗಾಗಿ ನಾವು ಅಪಸ್ವರವನ್ನೂ ಜನರೆದುರೇ ನುಡಿಸಬೇಕು. ಅದಕ್ಕಾಗಿಯೇ ಇರುವುದು ಓಪನ್ ಮೈಕ್. ಹೆಸರು ಬರೆಸಿ ಕಾಯಬೇಕು. ನಿಮ್ಮ ಸರದಿ 22ನೆಯದು. ಅಷ್ಟು ಹೊತ್ತಿಗೆ ಉಳಿದಿರುವ ಪ್ರೇಕ್ಷಕರಲ್ಲಿ ಮುಕ್ಕಾಲು ಜನ ನಿಮ್ಮ ಹಾಗೆಯೇ ಕಾಯುತ್ತಿರುವ ಕಾಮಿಡಿಯನ್‌ಗಳು. ಅವರು ನಿಮ್ಮನ್ನು ನೋಡುವುದಿಲ್ಲ. ತಮ್ಮ ನೋಟ್‌ಬುಕ್ ನೋಡುತ್ತಿರುತ್ತಾರೆ. ಸಮಯ ಮುಗಿಯಲು ಒಂದು ನಿಮಿಷ ಇರುವಾಗ ಹಿಂದಿನಿಂದ ಲೈಟ್ ತೋರಿಸುತ್ತಾರೆ. ನಾನು ಮೊದಲ ಸಲ ಆ ಲೈಟ್ ನೋಡಿ, ಯಾರೋ ನನ್ನ ವಿಡಿಯೋ ತೆಗೆಯುತ್ತಿದ್ದಾರೆ ಅಂದುಕೊಂಡು ಇನ್ನೂ ಮೂರು ನಿಮಿಷ ಜಾಸ್ತಿ ಮಾತಾಡಿದೆ. ಎರಡು ತಿಂಗಳು ಅಲ್ಲಿ ನನಗೆ ಸ್ಪಾಟ್ ಸಿಗಲಿಲ್ಲ.

ನನ್ನ ಬದುಕು ನಡೆಸಿದ ಜೋಕ್ ಒಂದಿದೆ. ಅಪ್ಪನ ಹಿಯರಿಂಗ್ ಏಡ್ ಬಗ್ಗೆ. ಮೊದಲ ಸಲ ಅದನ್ನು ಹೇಳಿದ್ದು ಹೀಗೆ:

"ನಮ್ಮಪ್ಪನಿಗೆ ವಯಸ್ಸಾಗಿದೆ, ಕಿವಿ ಸರಿಯಾಗಿ ಕೇಳಿಸಲ್ಲ, ಅದಕ್ಕೆ ಡಾಕ್ಟರ್ ಹತ್ರ ಹೋಗಿ ಕಿವಿಗೆ ಮೆಷಿನ್ ಹಾಕಿಸಿದ್ವಿ, ಆದ್ರೆ ನಾನು ಮಾತಾಡೋಕೆ ಶುರು ಮಾಡಿದ್ರೆ ಮಾತ್ರ ಬ್ಯಾಟರಿ ಉಳಿಸಬೇಕು ಅಂತ ಅದನ್ನ ಆಫ್ ಮಾಡಿಬಿಡ್ತಾರೆ."

ಎಲ್ಲೋ ಒಂದಿಬ್ಬರು 'ಹ್ಞಂ' ಅಂದರು. ವಿಷಯ ಚೆನ್ನಾಗಿದೆ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ಮನೆಯಲ್ಲಿ ಇದು ದಿನಾ ನಡೆಯುತ್ತಿತ್ತು. ಆದರೂ ನಗು ಬರುತ್ತಿರಲಿಲ್ಲ. ರೆಕಾರ್ಡಿಂಗನ್ನು ಹತ್ತಾರು ಸಲ ಕೇಳಿದ ಮೇಲೆ ಒಂದು ವಿಷಯ ಕಿವಿಗೆ ಬಿತ್ತು. 'ಬ್ಯಾಟರಿ' ಅಂದ ತಕ್ಷಣ ಒಂದು ಸಣ್ಣ ನಗು ಹುಟ್ಟುತ್ತಿತ್ತು. ಆದರೆ ನಾನು ನಿಲ್ಲಿಸುತ್ತಿರಲಿಲ್ಲ. ಉಳಿಸಬೇಕು, ಅಂತ, ಅದನ್ನ, ಆಫ್, ಮಾಡಿಬಿಡ್ತಾರೆ. ಪಾಪ, ಜನ ಸಭ್ಯರು. ನಾನು ಇನ್ನೂ ಮಾತಾಡುತ್ತಿದ್ದೇನೆ ಅಂತ ನಗು ನುಂಗಿಕೊಂಡು ಕೇಳುತ್ತಿದ್ದರು. ವಾಕ್ಯ ಮುಗಿಯುವ ಹೊತ್ತಿಗೆ ನಗು ಹೊಟ್ಟೆಗೆ ಇಳಿದು ಜೀರ್ಣವಾಗಿರುತ್ತಿತ್ತು.

ಕನ್ನಡದಲ್ಲಿ ಜೋಕ್ ಕಟ್ಟುವವರಿಗೆಲ್ಲ ಈ ಪೇಚು ಇದ್ದೇ ಇರುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬಾಲದ ಹಾಗೆ ಕೊನೆಗೆ ಬರುತ್ತದೆ. ಅಚ್ಚರಿಯ ಪದ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಮಾತಾಡುವಾಗ ನಾವು ಯಾರೂ ವ್ಯಾಕರಣದ ಪುಸ್ತಕದಂತೆ ಮಾತಾಡುವುದಿಲ್ಲ, ಅಲ್ವಾ? 'ಬಂದ ನೋಡು ಮಹಾರಾಯ' ಅನ್ನುತ್ತೇವೆ. ಬಾಲ ಮುಂದೆ, ತಲೆ ಹಿಂದೆ. ಆ ಸ್ವಾತಂತ್ರ್ಯ ಸ್ಟೇಜಿನಲ್ಲಿ ಯಾಕೆ ಬೇಡ? ಬ್ಯಾಟರಿಯನ್ನು ಕೊನೆಗೆ ತಂದೆ. ಡಾಕ್ಟರನ್ನು ಓಡಿಸಿದೆ, ಅವರಿಗೆ ಈ ಜೋಕಿನಲ್ಲಿ ಕೆಲಸ ಇರಲಿಲ್ಲ. ವಯಸ್ಸನ್ನು ತೆಗೆದೆ. ನಾಲ್ಕು ತಿಂಗಳಾದ ಮೇಲೆ ಜೋಕ್ ಹೀಗಾಯಿತು:

"ನಮ್ಮಪ್ಪಂಗೆ ಕಿವಿ ಕೇಳಲ್ಲ. ಮೆಷಿನ್ ಹಾಕಿಸಿದ್ವಿ. ಈಗ ಎಲ್ಲಾ ಕೇಳುತ್ತೆ. ಪಕ್ಕದ ಮನೆ ಜಗಳ ಕೇಳುತ್ತೆ. ನಾನು ಹೋಗಿ 'ಅಪ್ಪಾ, ಒಂದು ವಿಷಯ' ಅಂದೆ. ಟಕ್ ಅಂತ ಆಫ್. 'ಯಾಕಪ್ಪಾ?' ಅಂದೆ. 'ಬ್ಯಾಟರಿ.'"

ಆಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಇದನ್ನು ಕಲಿಯಲು ಇನ್ನೊಂದು ತಿಂಗಳು ಬೇಕಾಯಿತು. ನಗು ಅಲೆಯ ಹಾಗೆ ಏರುತ್ತದೆ. ಪೂರ್ತಿ ಏರಲು ಬಿಡಬೇಕು. ಇಳಿಯಲು ಶುರುವಾದಾಗ ಮುಂದಿನ ಸಾಲು ಹಿಡಿಯಬೇಕು. ಬೇಗ ಶುರು ಮಾಡಿದರೆ ನಿಮ್ಮ ನಗುವನ್ನು ನೀವೇ ತುಳಿದ ಹಾಗೆ. ಪೂರ್ತಿ ಇಳಿಯಲು ಬಿಟ್ಟರೆ ಮತ್ತೆ ಸೊನ್ನೆಯಿಂದ ಗಾಡಿ ತಳ್ಳಬೇಕು.

ಒಂದು ರಾತ್ರಿ ಎರಡನೇ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು, ಜೋಕ್ ಮುಗಿದು ನಗು ಇಳಿಯುತ್ತಿರುವಾಗ, ಜೋರಾಗಿ ಕೇಳಿದರು: "ಆಫ್ ಮಾಡಿದ್ಮೇಲೆ ನೀವು 'ಯಾಕಪ್ಪಾ' ಅಂದಿದ್ದು ಅವರಿಗೆ ಹೇಗೆ ಕೇಳಿಸ್ತು?"

ಇಡೀ ರೂಮ್ ಬಿದ್ದು ಬಿದ್ದು ನಕ್ಕಿತು. ನನಗೆ ಉತ್ತರ ಹೊಳೆಯಲಿಲ್ಲ. ಆರು ತಿಂಗಳು ಹೇಳಿದ ಜೋಕಿನಲ್ಲಿ ಇಷ್ಟು ದೊಡ್ಡ ತೂತು ಇದೆ ಅಂತ ನನಗೇ ಗೊತ್ತಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಎದ್ದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದೆ. ಅವತ್ತಿನಿಂದ 'ಬ್ಯಾಟರಿ' ಆದ ಮೇಲೆ ಎರಡು ಸೆಕೆಂಡ್ ನಿಂತು, ಆಗಷ್ಟೇ ಹೊಳೆದವನ ಹಾಗೆ ಮುಖ ಮಾಡಿ ಹೇಳುತ್ತೇನೆ: "ಒಂದ್ನಿಮಿಷ. ಅಂದ್ರೆ ಮೊದಲಿಂದನೂ ಕೇಳಿಸ್ತಾ ಇತ್ತು!" ಮೂಲ ಜೋಕಿಗಿಂತ ಇದಕ್ಕೇ ಜಾಸ್ತಿ ನಗು ಬರುತ್ತದೆ. ಇಂಥ ಬಾಲಂಗೋಚಿಗೆ ನಾವು ಟ್ಯಾಗ್ ಅನ್ನುತ್ತೇವೆ. ಆ ಹೆಂಗಸು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ದುಡಿಮೆಯಲ್ಲಿ ಅವರಿಗೊಂದು ಪಾಲು ಬಾಕಿ ಇದೆ.

ಅಪ್ಪನಿಗೆ ಜೋಕಿನ ವಿಷಯ ಹೇಳಿದಾಗ ಒಂದೇ ಪ್ರಶ್ನೆ ಕೇಳಿದರು. "ಇದರಿಂದ ದುಡ್ಡು ಬರುತ್ತಾ?"

"ಇನ್ನೂ ಇಲ್ಲ."

"ಮತ್ತೆ ಸುಮ್ನೆ ಯಾಕೆ ಊರಿಗೆಲ್ಲ ಹೇಳ್ತೀಯ?"

ಹಗಲು ಕೆಲಸ, ರಾತ್ರಿ ಮೈಕ್. ಹೀಗೆ ಮೂರು ವರ್ಷ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ವಾರಕ್ಕೆ ನಾಲ್ಕು ಸಲ ಸ್ಟೇಜ್ ಹತ್ತುತ್ತಿದ್ದೆ. ಮೂರು ಸಲ ಬಾಂಬ್, ಒಂದು ಸಲ ಪರವಾಗಿಲ್ಲ. ಸಣ್ಣ ರೂಮುಗಳು ಒಳ್ಳೆಯವು ಅಂತ ಆಗ ಗೊತ್ತಾಯಿತು. ಚಾವಣಿ ತಗ್ಗಿರಬೇಕು, ಕುರ್ಚಿಗಳು ಒತ್ತೊತ್ತಾಗಿರಬೇಕು, ಜನ ಕೂತ ಕಡೆ ಕತ್ತಲಿರಬೇಕು. ನ್ಯೂಯಾರ್ಕಿನ ಹೆಸರಾಂತ ಕಾಮಿಡಿ ಕ್ಲಬ್ 'ಕಾಮಿಡಿ ಸೆಲ್ಲಾರ್' 1982ರಲ್ಲಿ ಶುರುವಾದದ್ದು ಒಂದು ನೆಲಮಾಳಿಗೆಯಲ್ಲಿ, ಮತ್ತು ಅದು ಬಡತನದ ಲಕ್ಷಣ ಅಂತ ನಾನಂತೂ ಒಪ್ಪುವುದಿಲ್ಲ. ತಗ್ಗು ಚಾವಣಿ ಇದ್ದರೆ ನಗು ಮೇಲೆ ಹೋಗಿ ಕಳೆದುಹೋಗುವುದಿಲ್ಲ, ವಾಪಸ್ ತಲೆ ಮೇಲೆ ಬೀಳುತ್ತದೆ. ಕತ್ತಲಲ್ಲಿ ಪಕ್ಕದವರು ಏನಂದುಕೊಳ್ಳುತ್ತಾರೋ ಅನ್ನುವ ಭಯ ಇರುವುದಿಲ್ಲ.

ಇದಕ್ಕೆ ತದ್ವಿರುದ್ಧ ಅಂದರೆ ಕಂಪನಿಗಳ ವಾರ್ಷಿಕ ಸಮಾರಂಭ. ಒಂದು ಕಡೆ ಕರೆದಿದ್ದರು. ದೊಡ್ಡ ಹಾಲ್, ಎಲ್ಲ ಲೈಟೂ ಉರಿಯುತ್ತಿದೆ, ಮೊದಲ ಸಾಲು ಸ್ಟೇಜಿನಿಂದ ಒಂದು ಕ್ರಿಕೆಟ್ ಪಿಚ್ ದೂರ. ನಾನು ಹತ್ತುವ ಮುಂಚೆ ಮೈಕಿನಲ್ಲಿ, ಈ ವರ್ಷ ಯಾರಿಗೂ ಬೋನಸ್ ಇಲ್ಲ ಅಂತ ಘೋಷಿಸಿದರು. ಆಮೇಲೆ, "ಈಗ ನಿಮ್ಮನ್ನು ನಗಿಸಲು..." ಅಂತ ನನ್ನ ಹೆಸರು ಕರೆದರು. 20 ನಿಮಿಷ. ಒಬ್ಬರೂ ನಗಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಬಾಸ್ ನಗುತ್ತಾರಾ ಅಂತ. ಬಾಸ್ ನೋಡುತ್ತಿದ್ದದ್ದು ಫೋನು. ಕೊಡುತ್ತೇವೆ ಅಂದ ದುಡ್ಡೂ ಬರಲಿಲ್ಲ. ಆರು ಮೇಲ್ ಕಳಿಸಿ ಬಿಟ್ಟುಬಿಟ್ಟೆ. ಅವತ್ತು ನನಗೂ ಬೋನಸ್ ಇರಲಿಲ್ಲ.

ಬರೆದದ್ದನ್ನು ಎಸೆಯಬೇಡ ಅಂತ ಹೊಸಬರಿಗೆ ಹೇಳುತ್ತಿರುತ್ತೇನೆ. ಅಮೆರಿಕದ ಹಳೆಯ ಕಾಮಿಡಿಯನ್ ಬಾಬ್ ಹೋಪ್ ತಮ್ಮ ಜೋಕುಗಳನ್ನೆಲ್ಲ ವಿಷಯವಾರು ಜೋಡಿಸಿ ಇಟ್ಟಿದ್ದರು. ಆ ಕಡತ ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ, 85,000ಕ್ಕೂ ಹೆಚ್ಚು ಪುಟ. ನನ್ನದು 11 ನೋಟ್‌ಬುಕ್. ಅದರಲ್ಲಿ ಸ್ಟೇಜಿನ ಮೇಲೆ ಉಳಿದದ್ದು ಒಂದು ಗಂಟೆಯಷ್ಟು ಮಾತು.

ಆ ಒಂದು ಗಂಟೆಯ ಶೋ ಕಟ್ಟುವುದು ಬೇರೆಯೇ ವಿದ್ಯೆ. ಹನ್ನೆರಡು ಐದು ನಿಮಿಷಗಳನ್ನು ಜೋಡಿಸಿದರೆ ಲೆಕ್ಕಕ್ಕೆ ಗಂಟೆಯಾಗುತ್ತದೆ, ಶೋ ಆಗುವುದಿಲ್ಲ. ನಲವತ್ತನೇ ನಿಮಿಷಕ್ಕೆ ಜನ ದಣಿಯುತ್ತಾರೆ. ಜೋಕ್ ಎಷ್ಟು ಚೆನ್ನಾಗಿದ್ದರೂ ಅಷ್ಟೇ. ಅಲ್ಲಿ ಅವರಿಗೆ ಮುಂದೇನಾಯಿತು ಅನ್ನುವ ಕುತೂಹಲ ಇರಬೇಕು. ನಾನು ಅಪ್ಪನ ಕಿವಿಯನ್ನೇ ದಾರ ಮಾಡಿಕೊಂಡು ಉಳಿದದ್ದನ್ನು ಪೋಣಿಸಿದೆ. ಬ್ಯಾಟರಿ ಮೂರು ಸಲ ವಾಪಸ್ ಬರುತ್ತಿತ್ತು. ಮೊದಲ ಸಲ ಜೋಕು, ಎರಡನೇ ಸಲ ಕಾಲ್‌ಬ್ಯಾಕ್, ಅಂದರೆ ಹಳೆಯ ಜೋಕನ್ನು ಮತ್ತೆ ನೆನಪಿಸಿ ನಗಿಸುವುದು. ಮೂರನೇ ಸಲ, ಅಮ್ಮ ತೀರಿಹೋದ ಮೇಲೆ ಮನೆಯಲ್ಲಿ ಕೇಳಿಸಿಕೊಳ್ಳಲು ಏನೂ ಉಳಿದಿಲ್ಲ ಅಂತ ಅಪ್ಪ ಮೆಷಿನನ್ನು ಡಬ್ಬಿಯಲ್ಲಿಟ್ಟ ದಿನ. ಅಲ್ಲಿ ಯಾರೂ ನಗುತ್ತಿರಲಿಲ್ಲ. ಮೊದಲ ರಾತ್ರಿ ನನಗೆ ಭಯವಾಯಿತು, ಹಳೆಯ 7 ಸೆಕೆಂಡ್ ನೆನಪಾಯಿತು. ಆದರೆ ಈ ಮೌನದ ಸದ್ದು ಬೇರೆ ಇತ್ತು. ಬಾಂಬ್ ಆದಾಗ ಕುರ್ಚಿ ಕಿರುಗುಟ್ಟುತ್ತದೆ, ಯಾರೋ ಕೆಮ್ಮುತ್ತಾರೆ, ಗ್ಲಾಸ್ ಇಡುವ ಸದ್ದು ಬರುತ್ತದೆ. ಇಲ್ಲಿ ಕುರ್ಚಿ ಕೂಡ ಅಲುಗುತ್ತಿರಲಿಲ್ಲ.

ಆ ಶೋಗೆ ಒಂದು ಪ್ರಶಸ್ತಿ ಬಂತು. ಅದು ಬಂದ ವಾರವೇ ಓಪನ್ ಮೈಕಿಗೆ ಹೋಗಿ, ಹೊಸ ಐದು ನಿಮಿಷ ಹೇಳಿ, ನೆಲ ಕಚ್ಚಿದೆ. ತಪ್ಪು ಹೋಸ್ಟಿನದು ಅಂತ ಈಗಲೂ ನಂಬಿದ್ದೇನೆ. "ಈಗ ಬರ್ತಾ ಇರೋರು ಪ್ರಶಸ್ತಿ ವಿಜೇತ ಕಾಮಿಡಿಯನ್!" ಅಂದ. ಇಡೀ ರೂಮ್ ಒಟ್ಟಿಗೆ ಕೈಕಟ್ಟಿ ಕೂತಿತು. ಹೌದಾ, ನಗಿಸು ನೋಡೋಣ ಅನ್ನುವ ಹಾಗೆ. ಅವತ್ತಿನಿಂದ ಹೋಸ್ಟ್‌ಗಳಿಗೆ ನಾನು ಹೇಳುವುದು ಒಂದೇ: ಹೆಸರು ಹೇಳಿ, ಇಳಿದುಬಿಡಿ. 2023ರಲ್ಲಿ ನಮ್ಮ ದೇಶದ ಕಾಮಿಡಿಯನ್ ವೀರ್ ದಾಸ್‌ಗೆ ಕಾಮಿಡಿ ವಿಭಾಗದಲ್ಲಿ ಇಂಟರ್‌ನ್ಯಾಷನಲ್ ಎಮ್ಮಿ ಬಂದಾಗ ಮಾತ್ರ ನನಗೆ ಸ್ವಲ್ಪ ಅನುಕೂಲವಾಯಿತು. "ಈ ಕೆಲಸಕ್ಕೂ ಪ್ರಶಸ್ತಿ ಕೊಡ್ತಾರಾ?" ಅಂತ ಕೇಳುತ್ತಿದ್ದ ನೆಂಟರು ಸುಮ್ಮನಾದರು.

ನಟನೆಗೆ ಕರೆ ಬಂದದ್ದು ಈ ಶೋ ನೋಡಿದವರಿಂದಲೇ. ಈ ದಾರಿ ಹೊಸದೇನಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರಾ ಫ್ರಿಂಜ್ ಕಲಾ ಉತ್ಸವದಲ್ಲಿ ಕಾಮಿಡಿಗೆ ಪ್ರಶಸ್ತಿ ಶುರುವಾದದ್ದು 1981ರಲ್ಲಿ. ಮೊದಲ ವರ್ಷ ಗೆದ್ದದ್ದು ಕೇಂಬ್ರಿಡ್ಜ್ ವಿದ್ಯಾರ್ಥಿಗಳ ತಂಡ. ಅದರಲ್ಲಿದ್ದವರು ಎಮ್ಮಾ ಥಾಂಪ್ಸನ್, ಸ್ಟೀಫನ್ ಫ್ರೈ, ಹ್ಯೂ ಲಾರಿ. ಮೂವರೂ ಮುಂದೆ ನಟರಾಗಿ ಹೆಸರು ಮಾಡಿದರು. ಇದನ್ನೆಲ್ಲ ಓದಿಕೊಂಡು ಧೈರ್ಯವಾಗಿ ಆಡಿಷನ್‌ಗೆ ಹೋದೆ. ಹತ್ತು ವರ್ಷದಿಂದ ಜನರೆದುರು ನಿಂತಿದ್ದೇನೆ, ಒಂದು ಕ್ಯಾಮೆರಾ ಯಾವ ಲೆಕ್ಕ?

ಕಾಸ್ಟಿಂಗ್ ಮಾಡುತ್ತಿದ್ದವರು ಮೊದಲ ಟೇಕ್ ನೋಡಿ, "ಚೆನ್ನಾಗಿದೆ. ಈಗ ಏನೂ ಮಾಡದೆ ಮಾಡಿ" ಅಂದರು. ಎರಡನೇ ಟೇಕ್. "ಇನ್ನೂ ಕಮ್ಮಿ." ಮೂರನೆಯದು. "ಹುಬ್ಬು ಕೆಳಗಿಡಿ." ಕೊನೆಯ ಸಾಲಿನವರಿಗೂ ಕಾಣಲಿ ಅಂತ ಹತ್ತು ವರ್ಷ ಎತ್ತಿ ಎತ್ತಿ ನನ್ನ ಹುಬ್ಬು ಅಲ್ಲೇ ನಿಂತುಬಿಟ್ಟಿತ್ತು. ಕ್ಲೋಸಪ್‌ನಲ್ಲಿ ಹುಬ್ಬು ಎತ್ತಿದರೆ ಮನೆ ಚಾವಣಿ ಎದ್ದುಹೋದ ಹಾಗೆ ಕಾಣುತ್ತದೆ. ಅವತ್ತು ಅದನ್ನು ಮಾನಿಟರಿನಲ್ಲಿ ನೋಡಿದೆ. ನಿಜ ಹೇಳಬೇಕೆಂದರೆ ನಾಚಿಕೆಯಾಯಿತು.

ಪಾತ್ರ ಸಿಕ್ಕಿತು, ಸಣ್ಣದು. ಸೆಟ್ಟಿನಲ್ಲಿ ಮೊದಲ ದಿನ ಒಂದು ತಮಾಷೆಯ ಸಾಲು ಹೇಳಿ ನಿಂತೆ. ಅಭ್ಯಾಸಬಲ. ನಗು ಏರಲು ಬಿಡಬೇಕಲ್ಲ. ನಗು ಬರಲಿಲ್ಲ. ಬರುವ ಹಾಗೂ ಇಲ್ಲ, ಟೇಕ್ ನಡೆಯುವಾಗ ಯಾರಾದರೂ ನಕ್ಕರೆ ಸೌಂಡ್ ಹಾಳು. ಎದುರಿಗಿದ್ದ ನಟಿ ನನ್ನ ಮಾತು ಮುಗಿಯಿತೋ ಇಲ್ಲವೋ ಅಂತ ಕಾಯುತ್ತಾ ನಿಂತರು. "ಕಟ್. ಯಾಕೆ ನಿಂತ್ರಿ?" ಅಂದರು ಡೈರೆಕ್ಟರ್. ಏನು ಹೇಳಲಿ? ಇಲ್ಲದ ಜನರ ಇಲ್ಲದ ನಗುವಿಗೆ ಕಾಯುತ್ತಿದ್ದೆ ಅನ್ನಲಾ?

ಇನ್ನೊಂದು ದಿನ ಕ್ಯಾಮೆರಾಮನ್ ಕ್ಯಾಮೆರಾವನ್ನು ಹೆಗಲ ಮೇಲೆ ಹೊತ್ತು ತೆಗೆಯುತ್ತಿದ್ದರು. ನಾನು ಸಾಲು ಹೇಳಿದೆ. ಅವರ ಮುಖದಲ್ಲಿ ಏನೂ ಇಲ್ಲ, ತುಟಿ ಬಿಗಿ ಹಿಡಿದಿದ್ದಾರೆ. ಆದರೆ ಹೆಗಲು ಸಣ್ಣಗೆ ಕುಣಿಯುತ್ತಿದೆ. ಫ್ರೇಮ್ ಪೂರ್ತಿ ನಡುಗಿತು. ಟೇಕ್ ಹಾಳಾಯಿತು, ಡೈರೆಕ್ಟರ್ ಬೈದರು. ಇಡೀ ಶೂಟಿಂಗಿನಲ್ಲಿ ನನಗೆ ಅಷ್ಟು ಖುಷಿಯಾದ ಗಳಿಗೆ ಇನ್ನೊಂದಿಲ್ಲ.

ರೂಮ್ ಟೋನ್ ಅಂತ ಒಂದಿದೆ. ದೃಶ್ಯ ಮುಗಿದ ಮೇಲೆ ಸೌಂಡ್ ರೆಕಾರ್ಡಿಸ್ಟ್ ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ, ಆ ಜಾಗದ ಬರೀ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಪ್ರತಿ ಕೋಣೆಗೂ ತನ್ನದೇ ಗುಂಯ್ ಅನ್ನುವ ಸದ್ದಿರುತ್ತದೆ. ಎಡಿಟಿಂಗ್ ಮಾಡುವಾಗ ಮಾತುಗಳ ನಡುವಿನ ಸಂದಿ ತುಂಬಲು ಅದು ಬೇಕು. ಐವತ್ತು ಜನ ಬೊಂಬೆಗಳ ಹಾಗೆ ನಿಂತಿದ್ದಾರೆ. ಎಲ್ಲರೂ ಎಚ್ಚರ ಇದ್ದಾರೆ, ಯಾರೂ ಮಾತಾಡುತ್ತಿಲ್ಲ, ನಾನು ಅವರ ಮುಂದೆ ನಿಂತಿದ್ದೇನೆ. ನನ್ನ ಮೈಗೆ ಗೊತ್ತಿರುವ ಪ್ರಕಾರ ಇದು ಬಾಂಬ್. ಇಪ್ಪತ್ತನೇ ಸೆಕೆಂಡಿಗೆ ಬಾಯಿ ತಾನಾಗಿಯೇ ತೆರೆದು, "ಎಲ್ಲಿಂದ ಬಂದಿದ್ದೀರಾ ಎಲ್ಲರೂ?" ಅಂದುಬಿಟ್ಟಿತು. ರೆಕಾರ್ಡಿಸ್ಟ್ ಹೆಡ್‌ಫೋನ್ ತೆಗೆದು ನನ್ನನ್ನು ನೋಡಿದ ನೋಟ ಮರೆಯಲಾರೆ. ಮತ್ತೆ ಮೊದಲಿಂದ ಅರ್ಧ ನಿಮಿಷ.

ಕ್ರಮೇಣ ಒಗ್ಗಿತು. ಕಾಮಿಡಿಯನ್‌ಗೆ ಕೇಳಿಸಿಕೊಳ್ಳುವ ಕಿವಿ ಇರುತ್ತದೆ. ಮುನ್ನೂರು ಜನ ಉಸಿರೆಳೆದುಕೊಂಡರೆ ಅವನಿಗೆ ಗೊತ್ತಾಗುತ್ತದೆ. ಆ ಕಿವಿಯನ್ನು ಎದುರಿಗೆ ನಿಂತ ಒಬ್ಬರ ಕಡೆ ತಿರುಗಿಸಿದರೆ ನಟನೆಯ ಅರ್ಧ ಕೆಲಸ ಮುಗಿಯಿತು. ಉಳಿದರ್ಧ, ನೆಲದ ಮೇಲೆ ಅಂಟಿಸಿದ ಗುರುತಿಗೆ ಕೆಳಗೆ ನೋಡದೆ ಬಂದು ನಿಲ್ಲುವುದು, ಗ್ಲಾಸನ್ನು ಹತ್ತು ಟೇಕಿನಲ್ಲೂ ಅದೇ ಕೈಯಲ್ಲಿ ಅದೇ ಪದಕ್ಕೆ ಎತ್ತುವುದು. ಎರಡನೆಯದು ನನಗೆ ಇನ್ನೂ ಬಂದಿಲ್ಲ.

ಸ್ಟ್ಯಾಂಡ್‌ಅಪ್‌ನಿಂದ ಬಂದ ಹೂಪಿ ಗೋಲ್ಡ್‌ಬರ್ಗ್‌ಗೆ 1991ರಲ್ಲಿ, ರಾಬಿನ್ ವಿಲಿಯಮ್ಸ್‌ಗೆ 1998ರಲ್ಲಿ, ಮೊನೀಕ್‌ಗೆ 2010ರಲ್ಲಿ ಆಸ್ಕರ್ ಬಂತು. ಮೂವರಿಗೂ ಬಂದದ್ದು ಪೋಷಕ ಪಾತ್ರಕ್ಕೆ. ಹೀಗೆಲ್ಲ ಹೇಳಿದರೆ ನಾನು ನನ್ನನ್ನು ಅವರ ಸಾಲಿನಲ್ಲಿ ಇಡುತ್ತಿದ್ದೇನೆ ಅಂದುಕೊಳ್ಳಬೇಡಿ. ಹೇಳಿದ್ದು ಯಾಕೆಂದರೆ, ಮೂರನೇ ಚಿತ್ರಕ್ಕೆ ನನಗೂ ಪೋಷಕ ನಟ ಅಂತ ಒಂದು ಪ್ರಶಸ್ತಿ ಬಂತು. ಅದರ ಸೈಜು ಬೇರೆ.

ಸಮಾರಂಭಕ್ಕೆ ಅಪ್ಪನನ್ನೂ ಕರೆದುಕೊಂಡು ಹೋದೆ. ಡಬ್ಬಿಯಿಂದ ಮೆಷಿನ್ ತೆಗೆಸಿ, ಹೊಸ ಬ್ಯಾಟರಿ ಹಾಕಿಸಿದ್ದೆ. ಹೆಸರು ಕರೆದರು, ಚಪ್ಪಾಳೆ ಬಿತ್ತು. ಮೇಲೆ ಹೋಗಿ ಮೂರು ನಿಮಿಷ ಮಾತಾಡಿದೆ. ನಗಿಸಲಿಲ್ಲ. ಅಮ್ಮನ ಬಗ್ಗೆ ಹೇಳಿದೆ, ಅಪ್ಪನ ಬಗ್ಗೆ ಹೇಳಿದೆ. ಮನೆಯಲ್ಲಿ ಯಾವತ್ತೂ ಹೇಳದ ಒಂದೆರಡು ಮಾತು ಹೇಳಿದೆ. ಮೂರನೇ ಸಾಲಿನಲ್ಲಿ ಅಪ್ಪ ನೆಟ್ಟಗೆ ಕೂತಿದ್ದರು. ಕಣ್ಣು ಮಾತ್ರ ನನ್ನ ಮೇಲೆಯೇ.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ. "ಹೇಗಿತ್ತಪ್ಪಾ ನಾನು ಮಾತಾಡಿದ್ದು?"

"ಚಪ್ಪಾಳೆ ಸದ್ದು ಜಾಸ್ತಿಯಾಯ್ತು. ಕಿವಿ ಕುಯ್ ಅಂತು. ಆಫ್ ಮಾಡಿದೆ."

"ಆಮೇಲೆ ಆನ್ ಮಾಡ್ಲಿಲ್ವಾ?"

"ಮರೆತೆ."

ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ. ಅಪ್ಪ ಕಿಟಕಿಯ ಆಚೆ ನೋಡುತ್ತಿದ್ದರು. ಕರ್ಚೀಫ್ ತೆಗೆದು ಕಣ್ಣು ಒರೆಸಿಕೊಂಡು, ಮಡಚಿ, ಮತ್ತೆ ಜೇಬಿಗೆ ಇಟ್ಟರು. ನಾನು ತುಂಬಾ ಮೆಲ್ಲಗೆ ಕೇಳಿದೆ.

"ಅಪ್ಪಾ, ಈಗಾದ್ರೂ ಮೆಷಿನ್ ಆನ್ ಇದೆಯಾ?"

"ಇಲ್ಲ" ಅಂದರು.